ಎರಡು ಬಾಣಗಳ ನಡುವಿನ ಹಗ್ಗ

ನಮ್ಮಣ್ಣ ಹಡಗಿನಲ್ಲಿ ಕೆಲಸ ಮಾಡುತ್ತಾನೆಂದರೆ ನಮ್ಮೂರು ಮಸಗುಪ್ಪಿಯಲ್ಲಿ ಅರ್ಧ ಮಂದಿ ನಂಬುತ್ತಿರಲಿಲ್ಲ. ಅವನೇನು ಕಪ್ತಾನನಲ್ಲ. ಮುಂಬೈ ಕಡಲಿನ ಎಣ್ಣೆ ಬಾವಿಗಳಿಗೆ ಸಾಮಾನು ಸಾಗಿಸುವ, ಬೇರೆ ಹಡಗು ಕೆಟ್ಟು ನಿಂತರೆ ಹೋಗಿ ಎಳೆದು ತರುವ ಒಂದು ಗಿಡ್ಡ ಹಡಗಿನ ಡೆಕ್ಕಿನ ಮೇಲೆ ಹಗ್ಗ ಕಟ್ಟುವವನು, ಬಿಚ್ಚುವವನು. ಆದರೂ ಗೋಕಾಕದ ಕಾಲೇಜಿನಲ್ಲಿ ನಾನು ಅವನನ್ನು ಎಷ್ಟು ಮೆರೆಸುತ್ತಿದ್ದೆನೆಂದರೆ, ನಾನು ಬಾಯಿ ತೆರೆದರೆ ಗೆಳತಿಯರು ಎದ್ದು ಹೋಗುತ್ತಿದ್ದರು.

ಅಪ್ಪನಿಗೆ ಆ ಕೆಲಸ ಸುತರಾಂ ಸೇರುತ್ತಿರಲಿಲ್ಲ. ಕಂಡವರ ಕೈಕಾಲು ಹಿಡಿದು ಹುಕ್ಕೇರಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅಣ್ಣನಿಗೆ ಫಿಟರ್ ಕೆಲಸ ಗೊತ್ತು ಮಾಡಿಬಿಟ್ಟಿದ್ದ. ಸೋಮವಾರ ಹಾಜರಾಗಬೇಕು. ಅಣ್ಣ ಫೋನಿನಲ್ಲಿ ಸೋತ ದನಿಯಲ್ಲಿ, "ಒಂದ ಹಡಗ ಎಳಿಯಾಕ ಹೊಂಟೇವಿ ಅಪ್ಪಾ. ಅದನ್ನ ಮುಟ್ಟಿಸಿ ಬಂದು ನೀ ಹೇಳಿದಂಗ ಕೇಳ್ತೇನಿ" ಅಂದ. ನನಗೆ ಮೈ ಉರಿದುಹೋಯಿತು. ಅಪ್ಪನೊಂದಿಗೆ ಎರಡು ದಿನ ಜಗಳಾಡಿ, ಕೊನೆಗೆ, "ಬ್ಯಾಡ ಅನ್ನೂಕಿಂತ ಮದಲ ಅವ ಏನ ಮಾಡ್ತಾನ ಅಂತ ಒಮ್ಮಿ ಕಣ್ಣಾರೆ ನೋಡು ಬಾ" ಎಂದು ಘಟಪ್ರಭಾಕ್ಕೆ ಎಳೆದುಕೊಂಡು ಹೋದೆ.

ಸ್ಟೇಷನ್ ಹತ್ತಿರದ ಸೈಬರ್ ಕೆಫೆಯಲ್ಲಿ ಕೂತು ಕಡಲಿನ ನಕ್ಷೆ ತೋರಿಸುವ ಒಂದು ವೆಬ್‌ಸೈಟ್ ತೆರೆದೆ; ಅದನ್ನು ನೋಡಲು ಅಣ್ಣನೇ ನನಗೆ ಕಲಿಸಿದ್ದ. ಅದರಲ್ಲಿ ಒಂದೊಂದು ಹಡಗೂ ಒಂದೊಂದು ಪುಟ್ಟ ಬಾಣ. ಬಾಣ ಒತ್ತಿದರೆ ಹೆಸರು, ವೇಗ. ಈ ಸಲ ಎರಡೂ ಹಡಗಿನ ಹೆಸರು ಹೇಳಿದ್ದ. ಮುಂದಿನದು ಅಣ್ಣನದು; ಹಗ್ಗ ಕಟ್ಟಿಸಿಕೊಂಡ ಹಿಂದಿನದರ ಎಂಜಿನ್ ಸತ್ತು, ಮಳೆಗಾಲದ ಗಾಳಿ ಅದನ್ನು ದಂಡೆಯ ಬಂಡೆಗಳತ್ತ ನೂಕುತ್ತಿತ್ತು. ಅದರೊಳಗೆ ಜನರೂ ಇದ್ದರು.

ಅಪ್ಪ ಪರದೆಗೆ ಮೂಗು ತಾಗಿಸಿ ನೋಡಿದ. "ಇಷ್ಟ ಏನು? ಅವ ಎಲ್ಲಿ ಅದಾನ?" ಆಗ ನನಗೆ ತಿಳಿಯಿತು, ಅವನು ಹೊಸ ಟೋಪಿ ಯಾಕೆ ಹಾಕಿಕೊಂಡು ಬಂದಿದ್ದನೆಂದು. ಮಗ ತನಗೆ ಕಾಣುವಂತೆ ತಾನೂ ಮಗನಿಗೆ ಕಾಣುತ್ತೇನೆಂದುಕೊಂಡಿದ್ದ. ನಗು ಬಂತು, ಪಾಪ ಅನ್ನಿಸಿತು.

"ತಾಸಿಗೆ ನಾಕ ಮೈಲಾ? ನಮ್ಮ ಎತ್ತ ಇದಕ್ಕಿಂತ ಜೋರ ಹೋಗ್ತಾವ" ಎಂದು ಹಂಗಿಸಿದ.

"ಹಿಂದ ಸತ್ತ ಹಡಗ ಕಟ್ಯಾರಪಾ."

ಅಪ್ಪ ಕುರ್ಚಿ ಎಳೆದುಕೊಂಡು ಕೂತ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎರಿ ಹೊಲದ ಕರಿಮಣ್ಣಿನಲ್ಲಿ ಹೂತರೆ, ದಾರಿಯಲ್ಲಿ ಹೊರಟ ಇನ್ನೊಬ್ಬ ತನ್ನ ಟ್ರ್ಯಾಕ್ಟರ್ ನಿಲ್ಲಿಸಿ ಸರಪಳಿ ಬಿಗಿಯಲೇಬೇಕು. ಹಾಗೇ ದಾಟಿ ಹೋದವನೊಂದಿಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಅಪ್ಪ ಎಷ್ಟೋ ಸಲ ಹಾಗೆ ಎಳೆದವನು. "ಸಾವಕಾಶ... ಝಟಕಾ ಕೊಡಬ್ಯಾಡ್ರಿ" ಎಂದು ಪರದೆಗೇ ಬುದ್ಧಿ ಹೇಳತೊಡಗಿದ.

ಸ್ವಲ್ಪ ಹೊತ್ತಿನಲ್ಲಿ ಮುಂದಿನ ಬಾಣದ ವೇಗ ಒಮ್ಮೆಲೇ ಏರಿತು. ಹಿಂದಿನದು ನಿಂತೇಬಿಟ್ಟಿತು.

"ಹರೀತು" ಅಂದ ಅಪ್ಪ. ಎದ್ದು ನಿಂತುಬಿಟ್ಟ. "ಹಗ್ಗದ ಬಾಜೂ ಯಾರ ನಿಂತಿದ್ರೋ."

ಹರಿದ ಸರಪಳಿ ತಿರುಗಿ ಬಂದು ಹೇಗೆ ಹೊಡೆಯುತ್ತದೆಂದು ನಮಗಿಬ್ಬರಿಗೂ ಗೊತ್ತಿತ್ತು. ಹಗ್ಗದ ಬಾಜೂ ನಿಲ್ಲುವುದೇ ಅಣ್ಣನ ಕೆಲಸ. ಹಿಂದಿನ ಬಾಣ ದಂಡೆಯ ಕಡೆ ಜಾರತೊಡಗಿತು. ಮುಂದಿನದು ದೂರ ಹೋಗುತ್ತಲೇ ಇತ್ತು.

ಸೈಬರ್ ಮಾಲೀಕ ಸಮಾಧಾನ ಹೇಳಿದ: "ಇಂಥಾ ಗಾಳ್ಯಾಗ ಇನ್ನೇನ ಮಾಡ್ತಾರ್ರಿ ಕಾಕಾ? ಸೀದಾ ಬಂದರಕ್ಕ ಹೋಗ್ತಾರ ಬಿಡ್ರಿ."

ಹೋಗಲಿ, ಹೋಗಲಿ ಎಂದು ನಾನು ಮನಸ್ಸಿನಲ್ಲೇ ಬೇಡುತ್ತಿದ್ದೆ. ಅಷ್ಟರಲ್ಲಿ ಅಪ್ಪ ಮೇಜು ಗುದ್ದಿದ. "ಹೆಂಗ ಹೋಗ್ತಾರ? ಅದರಾಗ ಮಂದಿ ಅದಾರ! ತಿರುಗೋ ಮಗನ, ತಿರುಗೋ!"

ನಾನು ಮತ್ತೆ ಬಟನ್ ಒತ್ತಿದೆ. ಬಾಣದ ಮೂತಿ ಹೊರಳಿತ್ತು.

"ತಿರುಗ್ತು!" ಎಂದು ಅಪ್ಪ ಕಿರುಚಿದ ರಭಸಕ್ಕೆ ರೈಲಿಗೆ ಕಾಯುತ್ತಿದ್ದವರೂ ಒಳಗೆ ಬಂದರು. ಪರದೆಯ ಮುಂದೆ ಕುಸ್ತಿ ನೋಡುವಷ್ಟು ಜನ. ಏನೆಂದು ಕೇಳಿದವರಿಗೆಲ್ಲ ಅಪ್ಪನೇ ವಿವರಿಸಿದ. ಬಾಣ ಹತ್ತಿರ ಬಂತು, ಸುತ್ತು ಹಾಕಿತು, ದೂರ ಸರಿಯಿತು, ಮತ್ತೆ ಬಂತು. ಹೊರಗೆ ಹೊತ್ತು ಇಳಿಯುತ್ತಿತ್ತು. ನಾವು ಜೈನರು; ಸೂರ್ಯ ಮುಳುಗಿದ ಮೇಲೆ ಅಪ್ಪ ತುತ್ತು ಮುಟ್ಟುವವನಲ್ಲ. "ಊಟದ ಹೊತ್ತ ಮೀರತೈತಿ ಅಪ್ಪಾ" ಅಂದೆ. "ಮೀರ್ಲಿ ತಗೋ" ಅಂದ, ಕಣ್ಣು ಕದಲಿಸದೆ.

ಎರಡೂ ಬಾಣಗಳು ಅಂಟಿಕೊಂಡು ಬಹಳ ಹೊತ್ತು ಅಲ್ಲಾಡಲಿಲ್ಲ. ಮುಂದಿನದನ್ನು ಒತ್ತಿದೆ: ವೇಗ ಎರಡು. ಹಿಂದಿನದನ್ನು ಒತ್ತಿದೆ: ಎರಡು. ಇನ್ನೊಮ್ಮೆ ಒತ್ತಿದೆ. ಎರಡೂ ಮೂರು! ಹಗ್ಗ ಮತ್ತೆ ಕೂಡಿತ್ತು. ಸೈಬರ್ ತುಂಬ ಚಪ್ಪಾಳೆ. ನಾನು ಎಲ್ಲರೆದುರು ಗೊಳೋ ಎಂದು ಅತ್ತೆ.

ಆದರೂ ಅಣ್ಣನ ದನಿ ಕೇಳುವತನಕ ಮನೆಯಲ್ಲಿ ಯಾರಿಗೂ ಜೀವದಲ್ಲಿ ಜೀವವಿರಲಿಲ್ಲ. ರವಿವಾರ ಫೋನ್ ಬಂದಾಗ ಅಪ್ಪ ಅದನ್ನು ನನ್ನ ಕೈಯಿಂದ ಕಸಿದುಕೊಂಡ. ನಾನೂ ಕಿವಿ ಒತ್ತಿ ನಿಂತೆ.

"ಮುಟ್ಟಿಸಿದ್ವಿ ಅಪ್ಪಾ. ಎಲ್ಲಾರೂ ಆರಾಮ ಅದಾರ. ರಾತ್ರಿ ಬಸ್ ಹತ್ತಿದ್ರ ನಾಳಿ ಕಾರ್ಖಾನಿಗೆ ಹಾಜರ ಆಗ್ತೇನಿ."

ಅಪ್ಪ ಗೂಟದ ಮೇಲಿನ ಟೋಪಿ ತಲೆಗಿಟ್ಟುಕೊಂಡು, "ನೀ ಬರೂದು ಬ್ಯಾಡ. ಕಾರ್ಖಾನಿಗೆ ನಾನ ಹೋಗಿ ಹೇಳಿ ಬರ್ತೇನಿ" ಅಂದ. "ನಮ್ಮ ಹುಡುಗ ಬಿಟ್ಟ ಬರುವಂಥಾ ಕೆಲಸ ಅಲ್ರಿ ಅದು, ಅಂತ."