ಮಡಹಾಗಲಕ್ಕೆ ಗಂಡು ಹುಡುಕಿದವಳು

ಬಸ್ಸಿನಲ್ಲಿ ನಿಂತೇ ಅರ್ಧ ಆಯುಸ್ಸು ಕಳೆದ ಕಂಡಕ್ಟರಮ್ಮನಿಗೆ ನಿವೃತ್ತಿಯಾದ ಮೇಲೆ ಕುರ್ಚಿ ಕಂಡರೆ ಆಗುತ್ತಿರಲಿಲ್ಲ. ಅಡುಗೆಮನೆಯಿಂದ ವರಾಂಡಕ್ಕೆ, ವರಾಂಡದಿಂದ ತಾರಸಿಗೆ ಓಡಾಡುತ್ತಲೇ ಇರುತ್ತಿದ್ದಳು. ಅವಳು ಎಷ್ಟು ಪೀಡಿಸಿದರೂ ಟೈಲರ್ ಗಂಡ ಹೊಲಿಗೆ ಯಂತ್ರದ ಮುಂದಿನಿಂದ ಏಳುವವನೇ ಅಲ್ಲ. ಅವನ ತಂಗಿ ಒಂದು ದಿನ ಮಡಹಾಗಲದ ಗೆಡ್ಡೆ ತಂದುಕೊಟ್ಟಳು. "ಇದನ್ನ ನೋಡ್ಕೊಳ್ಳಿ ಅತ್ತಿಗೆ. ನಮ್ಮಣ್ಣನ್ನ ಬಿಟ್ಬಿಡಿ."

ತಾರಸಿಯ ಡ್ರಮ್ಮಿನಲ್ಲಿ ನೆಟ್ಟ ಗೆಡ್ಡೆ ಚಿಗುರಿ, ಕಟ್ಟಿದ ಹಗ್ಗಗಳ ಮೇಲೆಲ್ಲ ಹಬ್ಬಿತು. ಹಳದಿ ಹೂವುಗಳು ಅರಳಿದವು. ಪ್ರತಿ ಹೂವಿನ ಕೆಳಗೂ ಮುಳ್ಳುಮುಳ್ಳಾದ ಪುಟ್ಟ ಕಾಯಿ. ಆದರೆ ಒಂದೂ ಬಲಿಯಲಿಲ್ಲ, ಎಲ್ಲ ಬಾಡಿ ಉದುರಿದವು. ಅವಳು ಗೊಬ್ಬರ ಹಾಕಿದಳು, ನೀರು ಕಡಿಮೆ ಮಾಡಿದಳು, ಮತ್ತೆ ಹೆಚ್ಚಿಸಿದಳು. ಕೊನೆಗೆ ನಾದಿನಿಗೆ ಫೋನ್ ಮಾಡಿ ಜಗಳಕ್ಕೇ ನಿಂತಳು.

"ಅದು ಹೆಣ್ಣು ಬಳ್ಳಿ ಅತ್ತಿಗೆ. ಗಂಡು ಬಳ್ಳಿ ಬೇರೆ ಇರುತ್ತೆ. ಅದರ ಹೂ ತಂದು ಮುಟ್ಟಿಸ್ಬೇಕು."

"ಮೊದಲೇ ಹೇಳೋಕೇನಾಗಿತ್ತು?"

"ಹೇಳ್ತಾ ಇದ್ದೆ. ಅಷ್ಟರಲ್ಲಿ ನೀವು ಮೆಟ್ಟಿಲು ಹತ್ತಿ ಹೋಗಿದ್ರಿ."

ಮರುದಿನದಿಂದ ಗಂಡು ಹುಡುಕುವ ಓಡಾಟ. ತಾನು ಟಿಕೆಟ್ ಹರಿದ ದಾರಿಗಳಲ್ಲೇ ಕಿಟಕಿ ಪಕ್ಕ ಕುಳಿತು ಬೇಲಿಗಳನ್ನು ಜಾಲಾಡಿದಳು. ವಿಷಯ ತಿಳಿದ ಹಳೆಯ ಡ್ರೈವರ್ ಕನ್ನಡಿಯಲ್ಲಿ ನೋಡಿ ನಕ್ಕ.

"ಗಂಡಿಗೆ ಕೆಲಸ ಗಿಲಸ ಇರ್ಬೇಕಾ ಅಕ್ಕ?"

"ಹೂ ಬಿಟ್ರೆ ಸಾಕು ಕಣಪ್ಪ."

ರೈಲುಹಳಿಯ ಪಕ್ಕದ ತಂತಿಬೇಲಿಯಲ್ಲಿ ಅಂಥದೇ ಎಲೆ, ಕೆಳಗೆ ಕಾಯಿಯಿಲ್ಲದ ಬರೀ ಹೂ ಕಂಡಿತು. "ಹೋಲ್ಡಾನ್" ಎಂದಳು. ಆ ದನಿಗೆ ಡ್ರೈವರನ ಕಾಲು ತಾನಾಗಿ ಬ್ರೇಕಿಗೆ ಹೋಯಿತು.

ಆಮೇಲೆ ದಿನಾ ಮೊದಲ ಬಸ್ಸಿಗೆ ಹೋಗಿ, ಗಂಡುಹೂವನ್ನು ಟಿಫಿನ್ ಡಬ್ಬಿಯಲ್ಲಿ ತಂದು, ಹೆಣ್ಣುಹೂವಿಗೆ ಮೆಲ್ಲಗೆ ಒತ್ತುತ್ತಿದ್ದಳು. ಕಾಯಿ ಕಚ್ಚಿತು. ಪಕ್ಕದ ಮನೆಗಳಿಗೂ ಹಂಚುವಷ್ಟಾಯಿತು.

ಚಳಿ ಕಾಲಿಡುತ್ತಲೇ ಬಳ್ಳಿ ಒಣಗಿತು. ಗೆಡ್ಡೆ ಒಳಗೆ ಜೀವದಿಂದಿದೆ ಎಂದು ಗೊತ್ತಿದ್ದರೂ ಅವಳಿಗೆ ತಡೆಯಲಾಗಲಿಲ್ಲ. ಆಗಾಗ ಮಣ್ಣು ಕೆದಕಿ ನೋಡಿ ಬರುತ್ತಿದ್ದಳು.

"ಮಲಗಿರೋರನ್ನ ಅಲ್ಲಾಡಿಸಿ, ನಿದ್ದೆ ಬಂತಾ ಅಂತ ಕೇಳ್ತೀಯಲ್ಲ" ಎಂದ ಗಂಡ.

ಒಂದು ಮಧ್ಯಾಹ್ನ ಸಲಿಕೆಯ ಅಂಚು ತಾಗಿ ಗೆಡ್ಡೆ ಎರಡು ಹೋಳಾಯಿತು. ಅವಳು ಹೋಳುಗಳನ್ನು ಹಿಡಿದು ಅಲ್ಲೇ ಕುಳಿತುಬಿಟ್ಟಳು. ತಾರಸಿಯಲ್ಲಿ ಅವಳ ಓಡಾಟದ ಸದ್ದಡಗಿದ್ದನ್ನು ಗಮನಿಸಿ ಗಂಡ ಯಂತ್ರ ಬಿಟ್ಟು ಮೇಲೆ ಬಂದ.

"ನಾನೇ ಕೊಂದೆ ಕಣ್ರೀ."

ಅವನು ಹೋಳುಗಳನ್ನು ನೆರಳಿನಲ್ಲಿಟ್ಟ. "ಗಾಯ ಒಣಗ್ಲಿ. ಆಮೇಲೆ ನೆಡೋಣ."

ನೆಟ್ಟ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಂಡಿ ಹೊಲಿಯುವ ಕೆಲಸ ಕೊಟ್ಟ. ಅವಳು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಕಣ್ಣು ಮಾತ್ರ ಮೆಟ್ಟಿಲ ಕಡೆಗೇ.

ಮೊದಲ ಮಳೆಗಳ ನಂತರ ಒಂದು ಹೋಳು ಕೊಳೆತಿತ್ತು. ಇನ್ನೊಂದರ ಮೇಲೆ ಹಸಿರು ಮೊಳಕೆ ತಲೆಯೆತ್ತಿತ್ತು. ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು. ಮುಟ್ಟಲಿಲ್ಲ. ಬೆರಳುಗಳು ಮಾತ್ರ ಒಂದನ್ನೊಂದು ಹಿಸುಕುತ್ತಲೇ ಇದ್ದವು.