ಜೇನು ಬಿಟ್ಟುಹೋದ ಮೇಣ

ಇಚಲಕರಂಜಿಯಲ್ಲಿ ನನ್ನ ಮದುವೆಗೆ ಜಗಳವಾದದ್ದು ಸೀರೆಗಲ್ಲ, ಊಟಕ್ಕಲ್ಲ, ಮೇಣಬತ್ತಿಗೆ! ಯುದ್ಧದ ಕಾಲ ಅದು. ನಾವು ಕಥೋಲಿಕರು, ಪಕ್ಕದ ಮನೆಯ ಆಯಿ ಜೈನರವಳು. ತಾಯಿಯಿಲ್ಲದ ನನಗೆ ಎಣ್ಣೆ ಹಚ್ಚಿ, ಹೆರಳು ಹಾಕಿ, ಬೈದು ಬೆಳೆಸಿದವಳು ಅವಳೇ. ಅವಳು ಇಗರ್ಜಿಗೆ ಬಂದು ಮುಂದಿನ ಸಾಲಿನಲ್ಲಿ ಕೂರದಿದ್ದರೆ ನನಗೆ ಆ ಮದುವೆಯೇ ಬೇಡವಾಗಿತ್ತು.

ಬರಲು ಆಯಿ ತಯಾರಿದ್ದಳು. ಆದರೆ ಪೂಜೆಯ ಪೀಠದ ಮೇಲೆ ಉರಿಯುವುದು ಜೇನುಮೇಣವೆಂದು ಯಾರೋ ಪುಣ್ಯಾತ್ಮರು ಹೇಳಿಬಿಟ್ಟರು. ಜೇನುತುಪ್ಪವನ್ನೇ ನಾಲಿಗೆಗೆ ತಾಗಿಸದ ಮನೆ ಅದು.

“ಹೊಗಿ ಹಾಕಿ ಜೀವಾ ಕೊಂದ ತಂದ ಮೇಣಾ. ಅದರ ಮುಂದ ನಾ ಕುಂದ್ರಂಗಿಲ್ಲವಾ,” ಎಂದಳು.

ಅಪ್ಪ ಕೊಲ್ಹಾಪುರದಿಂದ ಬಂದಿದ್ದ ಪಾದ್ರಿಗಳ ಹತ್ತಿರ ಓಡಿದ.

“ಸೇಂಗಾ ಎಣ್ಣಿ ದೀಪಾ ಹಚ್ಚೂಣೇನ್ರಿ?”

“ಆಗುವುದಿಲ್ಲ.”

“ಅಂಗಡ್ಯಾಗಿನ ಬಿಳಿ ಬತ್ತಿ? ಕರೆಂಟಿನ ಬಲ್ಬ?”

ಪಾದ್ರಿಗಳು ಕನ್ನಡಕ ತೆಗೆದು ಒರೆಸಿದರು. “ಪೀಠಕ್ಕೆ ಜೇನುಮೇಣವೇ ಆಗಬೇಕು. ಅದು ಧರ್ಮಸಭೆಯ ಕಟ್ಟಳೆ.”

ಎತ್ತು ಏರಿಗೆ, ಕೋಣ ನೀರಿಗೆ! ಇಬ್ಬರದೂ ಧರ್ಮವೇ, ನಡುವೆ ನಾನು ಸಾಯಬೇಕೇ? ಊಟ ಬಿಟ್ಟು, ಓಣಿಗೆಲ್ಲ ಕೇಳುವಂತೆ ಅತ್ತೆ.

ನನ್ನ ಅಳು ತಾಳಲಾರದೆ ಆಯಿ ತಾನೇ ಹೋಗಿ ಪಾದ್ರಿಗಳೆದುರು ನಿಂತಳು. “ನೊಣಾ ತಾವಾಗೇ ಬಿಟ್ಟ ಹೋದ ಗೂಡಿನ ಮೇಣಾ ನಡೀತೈತೇನ್ರಿ?”

ಪಾದ್ರಿಗಳು ನಕ್ಕುಬಿಟ್ಟರು. “ಜೇನುಮೇಣವಾದರೆ ಸಾಕು ತಾಯಿ. ನೊಣ ಎಲ್ಲಿಗೆ ಹೋಯಿತೆಂದು ಕಟ್ಟಳೆ ಕೇಳುವುದಿಲ್ಲ.”

ಸುಳಕೂಡದ ಅವಳ ತವರಿನ ಹೊಲದಲ್ಲಿ ದೊಡ್ಡ ಹುಣಸೆಮರವಿತ್ತು. ಹೆಜ್ಜೇನು ಬಂದು ಗೂಡು ಕಟ್ಟಿ, ಹಂಗಾಮು ತೀರಿದ ಮೇಲೆ ಎದ್ದುಹೋಗುತ್ತಿತ್ತು. ಆ ಖಾಲಿ ಗೂಡನ್ನು ಇಳಿಸಿಕೊಂಡು ತಂದಳು. ಅಂಗಳದಲ್ಲಿ ಕೂತು ಒಂದೊಂದು ತೂತನ್ನೂ ಬಿಸಿಲಿಗೆ ಹಿಡಿದು ನೋಡಿದಳು. ಒಂದು ಹುಳು ಕಂಡರೂ ಆ ತುಂಡು ಬದಿಗೆ. ಉಳಿದದ್ದನ್ನು ಬಿಸಿನೀರಿನಲ್ಲಿ ಕರಗಿಸಿದಳು. ಒಳಗೆ ಉರಿಯಲು ಅಪ್ಪ ಮಗ್ಗದ ನೂಲು ಹೊಸೆದುಕೊಟ್ಟ. ಎರಡು ಮೇಣಬತ್ತಿಗಳಾದವು, ಕಂದು ಬಣ್ಣ, ಹುಣಸೆಕಾಯಿಯ ಹಾಗೆ ಸೊಟ್ಟ. ನಾನು ನಕ್ಕು ನಕ್ಕು ಬೈಸಿಕೊಂಡೆ.

ಮದುವೆಯ ಬೆಳಗ್ಗೆ ಆಯಿ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲೇ ಕೂತಳು. ನನಗೆ ಆಕಾಶ ಮೂರೇ ಗೇಣು! ಪಾದ್ರಿಗಳಿಗೋ ಉಪದೇಶವೆಂದರೆ ಪ್ರಾಣ. ದಾಂಪತ್ಯದ ಬಗ್ಗೆ ಹೇಳಿದರು, ಮತ್ತೆ ಹೇಳಿದರು. ಉಂಗುರ ಹಾಕುವುದು ಬಾಕಿ, ಪೂಜೆ ಪೂರ್ತಿ ಬಾಕಿ. ಬತ್ತಿಗಳು ಮಾತ್ರ ಅರ್ಧಕ್ಕೆ ಇಳಿದಿದ್ದವು. ಆಯಿ ಎದ್ದು ನಿಂತಳು.

“ಸ್ವಾಮ್ಯಾರ, ಮಾತ ಸಾಕ ಮಾಡ್ರಿ! ಮೇಣಾ ಮುಗ್ಯಾಕತ್ತೈತಿ. ನನ್ನ ಮಗಳ ಲಗ್ನಾ ದೀಪಾ ಇರೂದ್ರಾಗ ಆಗ್ಲಿ!”

ಇಗರ್ಜಿಯೆಲ್ಲ ಗೊಳ್ಳೆಂದಿತು. ಪಾದ್ರಿಗಳೂ ನಗುತ್ತ ಪುಸ್ತಕ ತೆರೆದರು. ನನಗೆ ಮಾತ್ರ ಕಣ್ಣು ಮಂಜಾಯಿತು. ಮದುಮಗನನ್ನು ಅಲ್ಲೇ ಬಿಟ್ಟು ಹೋಗಿ ಅವಳ ಕಾಲು ಹಿಡಿದೆ.

“ಏಳ ಹುಚ್ಚಿ,” ಎಂದಳು ಆಯಿ, ಸೆರಗಿನಿಂದ ನನ್ನ ಕಣ್ಣೊರೆಸುತ್ತ, “ಮದ್ಲ ಉಂಗುರಾ ಹಾಕ್ಕೋ ಹೋಗ!”