ಅಚ್ಚು ಬಿಡದ ಗಾಲಿ

ವಿಮಾನ ರಿಪೇರಿ ಮಾಡುತ್ತೇನೆ ಎಂದರೆ ನಂಜನಗೂಡಿನಲ್ಲಿ ಯಾರೂ ನಂಬುವುದಿಲ್ಲ. ನನ್ನ ತಲೆಗೂದಲು ಕತ್ತರಿಸುವ ಸಲೂನಿನವನು ಇಂದಿಗೂ ನನ್ನನ್ನು ಏರ್‌ಪೋರ್ಟಿನಲ್ಲಿ ಲಗೇಜು ಎತ್ತುವವನೆಂದೇ ತಿಳಿದಿದ್ದಾನೆ. ನಾನೂ ತಿದ್ದಲು ಹೋಗಿಲ್ಲ. ತಿದ್ದಿದರೆ ಇನ್ನೊಂದು ಪ್ರಶ್ನೆ ಬರುತ್ತದೆ, ಅದಕ್ಕೆ ಉತ್ತರ ಹೇಳಬೇಕು. ಅಷ್ಟು ಹೊತ್ತು ಕತ್ತು ಬಗ್ಗಿಸಿ ಕೂರುವ ತಾಳ್ಮೆ ನನಗಿಲ್ಲ.

ವಾಯುಪಡೆಯಲ್ಲಿ ಇಪ್ಪತ್ತು ವರ್ಷ ಫಿಟ್ಟರಾಗಿದ್ದು, ಪಿಂಚಣಿ ಹಿಡಿದುಕೊಂಡು ಊರಿಗೆ ಬಂದವನು ನಾನು. ಸುಮ್ಮನೆ ಮನೆಯಲ್ಲಿರಬಹುದಿತ್ತು. ಆದರೆ ನಂಜನಗೂಡಿಗೂ ತಿ. ನರಸೀಪುರಕ್ಕೂ ನಡುವೆ ಯಜಮಾನರೊಬ್ಬರು ತಮ್ಮ ತೆಂಗಿನ ತೋಟದ ಪಕ್ಕದ ನೆಲವನ್ನು ಮಟ್ಟ ಮಾಡಿಸಿ, ತಗಡಿನ ಶೆಡ್ಡು ಹಾಕಿಸಿ, ಇಬ್ಬರು ಕೂರುವ ಒಂದು ಪುಟ್ಟ ವಿಮಾನ ಇಟ್ಟುಕೊಂಡಿದ್ದರು. ಅದನ್ನು ನೋಡಿಕೊಳ್ಳಲು ಅನುಭವಸ್ಥರು ಬೇಕು ಎಂದು ಹೇಳಿಕಳಿಸಿದರು. ಅನುಭವಸ್ಥ ಎನ್ನಿಸಿಕೊಳ್ಳುವ ಆಸೆ ಕೆಟ್ಟದ್ದು. ಹೋದೆ. ಹನ್ನೊಂದು ವರ್ಷದಿಂದ ಬೈಕಿನಲ್ಲಿ ಅದೇ ರಸ್ತೆಯ ಅದೇ ಗುಂಡಿಗಳನ್ನು ತಪ್ಪಿಸಿಕೊಂಡು ಓಡಾಡುತ್ತಿದ್ದೇನೆ.

ಆ ಶೆಡ್ಡಿಗೆ ಒಬ್ಬ ವಾಚ್‌ಮನ್ ಇದ್ದ. ಪಕ್ಕದ ಹಳ್ಳಿಯವನು, ನನಗಿಂತ ಒಂದೆರಡು ವರ್ಷ ದೊಡ್ಡವನೇ. ಆದರೂ ನಾನು ಅವನಿಗೆ ಏಕವಚನ, ಅವನು ನನಗೆ ‘ಸಾ’. ಹಾಗೇ ನಡೆದುಕೊಂಡು ಬಂದಿತ್ತು, ನಾನೂ ಯೋಚಿಸಿರಲಿಲ್ಲ. ಕಾವಲು ಅವನ ಕೆಲಸ. ಆದರೆ ಜಾಕ್ ಒತ್ತುವುದು, ಲೈಟು ಹಿಡಿಯುವುದು, ನನಗೆ ಬೆನ್ನು ಹಿಡಿದಾಗ ನೆಲದಲ್ಲಿ ಬಿದ್ದ ನಟ್ಟು ಎತ್ತಿಕೊಡುವುದು ಎಲ್ಲ ಅವನದೇ. ಮಾತು ಕಡಿಮೆ. ನನಗೆ ಅದೇ ಹಿಡಿಸಿತ್ತು.

ಹೋದ ವರ್ಷ ಆಯುಧಪೂಜೆಯ ಹೊತ್ತಿಗೆ ಯಜಮಾನರು ಮಂಡಿ ಆಪರೇಷನ್‌ಗೆಂದು ಬೆಂಗಳೂರಿನಲ್ಲಿದ್ದರು. ಅಲ್ಲಿಂದಲೇ ಫೋನ್ ಮಾಡಿ, ‘ಪೂಜೆ ಮಾತ್ರ ಬಿಡಬೇಡಿ, ಚೆನ್ನಾಗಿ ತೊಳೆದು ಮಾಡಿ’ ಎಂದರು. ನಮ್ಮ ಕಡೆ ಹಬ್ಬದ ಹಿಂದಿನ ದಿನ ತೊಳೆಯದೆ ಉಳಿಯುವ ಗಾಡಿ ಯಾವುದೂ ಇಲ್ಲ. ಸೈಕಲ್ಲಿನಿಂದ ಹಿಡಿದು ಕಬ್ಬಿನ ಲಾರಿಯವರೆಗೆ ಎಲ್ಲಕ್ಕೂ ಸ್ನಾನ. ವಿಮಾನವೊಂದು ಯಾಕೆ ಕೊಳಕಾಗಿರಬೇಕು? ಚಿಕ್ಕಯ್ಯನಛತ್ರದ ಕಡೆ ಟ್ರ್ಯಾಕ್ಟರ್ ತೊಳೆಯುವವನೊಬ್ಬನಿಂದ ಜೋರಾಗಿ ನೀರು ಚಿಮ್ಮುವ ಪಂಪು ತರಿಸಿದೆ. ವಾಚ್‌ಮನ್ ಮನೆಯವರು ಬುದ್ಧನನ್ನು ಒಪ್ಪಿಕೊಂಡವರು. ಅವರ ಮನೆಯಲ್ಲಿ ಆಯುಧಪೂಜೆ ಇಲ್ಲ. ‘ನಾನು ಪೈಪ್ ಎಳಕೊಡ್ತೀನಿ ಸಾ, ಪೂಜೆ ನೀವು ಮಾಡ್ಕಳಿ’ ಎಂದಿದ್ದ. ಹಾಗೆಯೇ ಮಾಡಿದೆವು.

ಮೂತಿಯಿಂದ ಬಾಲದವರೆಗೆ ತೊಳೆದೆ. ಗಾಲಿಗಳಿಗೆ ಮಣ್ಣು ಮೆತ್ತಿಕೊಂಡು ಒಣಗಿತ್ತು. ಪೈಪಿನ ಮೂತಿಯನ್ನು ಅಲ್ಲಿಗೇ ಹಿಡಿದು ನೀರು ಬಿಟ್ಟೆ.

“ಸಾ, ಒಳೀಕೆ ನೀರು ಓಗಾಕಿಲ್ವಾ? ನಮ್ಮಪ್ಪ ಗಾಡಿ ಗಾಲಿಯ ಅಚ್ಚಿಗೆ ನೀರು ಬುಡ್ತಿರ್ನಿಲ್ಲ,” ಎಂದ ಅವನು.

“ಇದು ನಿಮ್ಮಪ್ಪನ ಗಾಡಿ ಅಲ್ಲ ಕಣಯ್ಯ. ನೀನು ಪೈಪ್ ಎಳಿ,” ಎಂದೆ.

ಅವನು ಹೇಳಿದ್ದು ಸರಿಯಾಗಿತ್ತು. ಆ ಗಾಲಿಯೊಳಗಿನ ಬೇರಿಂಗಿಗೆ ಧೂಳು ಹೋಗದಂತೆ ಉಣ್ಣೆಯ ಒಂದು ಬಳೆ ಹಾಕಿರುತ್ತಾರೆ. ಅದು ಒಮ್ಮೆ ನೀರು ಕುಡಿದರೆ ನೆನೆದ ಕಂಬಳಿಯ ಹಾಗೆ, ಬಿಡುವುದೇ ಇಲ್ಲ. ನೀರು ಬಿಟ್ಟರೆ ಗಾಲಿ ಬಿಚ್ಚಿ ಒರೆಸಿ, ಹೊಸ ಗ್ರೀಸ್ ತುಂಬಬೇಕು. ಹೊಸದಾಗಿ ಸೇರಿದವರಿಗೆ ಇದನ್ನು ನಾನೇ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಅವತ್ತು ಸೊಂಟ ನೋಯುತ್ತಿತ್ತು, ಹಬ್ಬ ಕಳೆಯಲಿ ಎಂದುಕೊಂಡೆ. ಮಾರನೆಯ ದಿನ ಪ್ರೊಪೆಲರಿಗೆ ಸೇವಂತಿಗೆ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಫೋಟೊ ತೆಗೆದು ಯಜಮಾನರಿಗೆ ಕಳಿಸಿದೆ. ಗಾಲಿ ಬಿಚ್ಚುವ ವಿಷಯ ದೀಪಾವಳಿಗೆ ಹೋಯಿತು, ದೀಪಾವಳಿಯಿಂದ ಕಾರ್ತಿಕಕ್ಕೆ ಹೋಯಿತು, ಆಮೇಲೆ ನೆನಪಿನಿಂದಲೇ ಹೋಯಿತು.

ಸಂಕ್ರಾಂತಿ ಕಳೆದ ಮೇಲೆ ಯಜಮಾನರು ಕೋಲು ಹಿಡಿದುಕೊಂಡು ವಾಪಸು ಬಂದರು. ಇನ್ನು ಹಾರಬೇಕು, ವರ್ಷದ ತಪಾಸಣೆ ಮುಗಿಸಿ ಎಂದರು. ಒಂದು ಸೋಮವಾರ ವಿಮಾನವನ್ನು ಜಾಕಿನ ಮೇಲೆ ಎತ್ತಿದೆವು. ಎಡಗಾಲಿ ತಿರುಗಿಸಿದರೆ ರಾಗಿಕಲ್ಲಿನ ಸದ್ದು. ಆಗಲೇ ಹಬ್ಬದ ಹಿಂದಿನ ದಿನದ ನೀರು ನೆನಪಾಯಿತು. ಟೈರಿನ ಗಾಳಿ ಬಿಟ್ಟು, ಬ್ರೇಕಿನ ಬೋಲ್ಟು ತೆಗೆದು, ಮುಚ್ಚಳ ತೆಗೆದು, ಪಿನ್ನು ಎಳೆದು, ನಟ್ಟು ಬಿಚ್ಚಿದೆ. ಇಷ್ಟಾದ ಮೇಲೆ ಗಾಲಿ ಎರಡು ಕೈಗೆ ತಟ್ಟೆಯ ಹಾಗೆ ಬರಬೇಕು. ಬರಲಿಲ್ಲ. ನಾನೂ ಅವನೂ ಆಚೆ ಈಚೆ ಹಿಡಿದು ಎಳೆದೆವು. ಕದಲಲಿಲ್ಲ. ಅಚ್ಚಿನ ತುದಿಯಲ್ಲಿ ತುಕ್ಕಿನ ನೀರು ಇಳಿದ ಕೆಂಪು ಗೆರೆ ಕಾಣಿಸಿತು.

ಅದೇ ಹೊತ್ತಿಗೆ ಯಜಮಾನರು ಬಂದರು. ವಾಚ್‌ಮನ್ ಟೀ ಮಾಡಲು ಶೆಡ್ಡಿನ ಹಿಂದೆ ಹೋಗಿದ್ದ. ಯಜಮಾನರಿಗೆ ಯಂತ್ರದ ತಿಳಿವಳಿಕೆ ಚೆನ್ನಾಗಿಯೇ ಇದೆ. ಬಗ್ಗಿ ನೋಡಿ, ಬೆರಳಿನಿಂದ ತುಕ್ಕು ಮುಟ್ಟಿದರು.

“ಇದು ನೀರು ಹೋಗಿರೋದು ಕಣ್ರೀ. ಯಾರು ನೀರು ಬಿಟ್ಟೋರು?”

ನಾನು ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದೆ.

“ಅವನೇ ಇರಬೇಕು,” ಎಂದರು ಅವರೇ. “ಹಬ್ಬದ ದಿನ ಎತ್ತು ತೊಳೆದ ಹಾಗೆ ತೊಳೆದಿದ್ದಾನೆ. ನೀವು ಇಲ್ಲದಾಗ ಮಾಡಿರ್ತಾನೆ.”

ಇಲ್ಲ ಸಾರ್, ನಾನೇ ಎಂಬ ಮೂರು ಮಾತು ನಾಲಿಗೆಯ ಮೇಲೆ ಇತ್ತು. ನಾನು ಹೇಳಿದ್ದು, “ನೋಡೋಣ ಸಾರ್, ಮೊದಲು ಗಾಲಿ ಬಿಚ್ಚೋಣ.”

“ಬಿಚ್ಚಿ. ಬಿಚ್ಚೋವರೆಗೆ ನಿಮಗೆ ಕೈ ಆಸರೆಗೆ ಇರಲಿ. ಗಾಲಿ ಬಂದ ದಿನ ಅವನನ್ನ ಕಳಿಸಿಬಿಡಿ. ನಾನು ಬೇರೆಯವರನ್ನ ನೋಡ್ತೀನಿ.”

ಕಾರು ಹತ್ತಿ ಹೋದರು. ವಾಚ್‌ಮನ್ ಎರಡು ಲೋಟ ಟೀ ತಂದ. ಒಂದನ್ನು ನನ್ನ ಮುಂದಿಟ್ಟು, ಯಜಮಾನರಿಗೆಂದು ತಂದಿದ್ದನ್ನು ತಾನೇ ಕುಡಿದ. ನಾನು ಅವನ ಮುಖ ನೋಡಲಿಲ್ಲ.

ಯಾಕೆ ಹೇಳಲಿಲ್ಲ ಎಂದು ಈಗ ಕೇಳಿದರೆ ದೊಡ್ಡ ಕಾರಣ ಏನೂ ಇಲ್ಲ. ಕೆಲಸ ಹೋದೀತೆಂಬ ಹೆದರಿಕೆಯೂ ಅಷ್ಟಿರಲಿಲ್ಲ. ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಇದ್ದವನು ಗಾಲಿಗೆ ನೀರು ಬಿಟ್ಟ ಎಂದು ನನ್ನ ಬಾಯಿಂದಲೇ ಬರುವುದು ಬೇಡವಾಗಿತ್ತು. ನಾಚಿಕೆಗೇಡು. ಜೊತೆಗೆ ಆಯಾಸ. ಈ ವಯಸ್ಸಿನಲ್ಲಿ ತಪ್ಪು ಒಪ್ಪಿಕೊಳ್ಳುವುದೂ ಮೈಮುರಿಯುವ ಕೆಲಸ ಎನ್ನಿಸುತ್ತದೆ. ಸಂಜೆ ಮನೆಯಲ್ಲಿ ಮುದ್ದೆ ಮುರಿಯದೆ ಕೂತಿದ್ದಕ್ಕೆ ಹೆಂಡತಿ ಏನಾಯಿತು ಎಂದಳು. “ಗಾಲಿ ಬರ್ತಿಲ್ಲ,” ಎಂದೆ. “ಬರದಿದ್ರೆ ಬಿಡಿ, ನಾಳೆ ಬರುತ್ತೆ,” ಎಂದಳು. ಅದೇ ನನ್ನ ಹೆದರಿಕೆಯಾಗಿತ್ತು. ಗಾಲಿ ಬಂದ ಗಳಿಗೆಗೆ ಆ ಮನುಷ್ಯನಿಗೆ ನಾಳೆಯಿಂದ ಬರಬೇಡ ಎಂದು ನಾನೇ ಹೇಳಬೇಕಿತ್ತು.

ಮಂಗಳವಾರ ನಂಜನಗೂಡಿನಲ್ಲಿ ಟ್ರೇಲರ್ ರಿಪೇರಿ ಮಾಡುವವನ ಹತ್ತಿರ ಮೂರು ಕೊಕ್ಕೆಯ ಪುಲ್ಲರ್ ಕೇಳಿ ತಂದೆ. ಕಬ್ಬಿನ ಗಾಡಿಯ ಗಾಲಿಯನ್ನಾದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕೀಳುತ್ತದೆ. ಆದರೆ ವಿಮಾನದ ಗಾಲಿ ಹಗುರವಾದ ಲೋಹದ್ದು. ಹೆಚ್ಚು ಬಿಗಿದರೆ ಅಂಚೇ ಸೀಳುತ್ತದೆ, ಸುತ್ತಿಗೆಯಲ್ಲಿ ಹೊಡೆಯುವಂತಿಲ್ಲ, ಬೆಂಕಿ ತೋರಿಸುವಂತಿಲ್ಲ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದೆವು. ಬಿಸಿಗಾಳಿ ಊದಿದೆವು. ಕಾಲು ಸುತ್ತು ಬಿಗಿ, ಕಾಯಿ, ಎಣ್ಣೆ, ಮತ್ತೆ ಕಾಲು ಸುತ್ತು. ಪ್ರತಿ ಸಲ ಗಾಲಿ ಅಲುಗಾಡದೆ ನಿಂತಾಗ ನಾನು ಒಳಗೊಳಗೇ ಸಮಾಧಾನಪಡುತ್ತಿದ್ದೆ. ನನ್ನ ಕಸುಬಿನಲ್ಲಿ ಕೆಲಸ ಕೆಟ್ಟರೆ ಸಾಕು ಎಂದು ಬಯಸಿದ್ದು ಅದೇ ಮೊದಲು.

ಅವನು ಮಾತ್ರ ಮನಸ್ಸಿಟ್ಟು ಮಾಡಿದ. ಚಾಪೆ ತಂದು ನನ್ನ ಮಂಡಿಯ ಕೆಳಗೆ ಹಾಕಿದ. ಎಣ್ಣೆ ಎಲ್ಲಿ ಇಳಿಯುತ್ತಿದೆ ಎಂದು ಬಗ್ಗಿ ನೋಡಿ ಹೇಳಿದ. ಮಧ್ಯೆ ಮಧ್ಯೆ ನನ್ನತ್ತ ನೋಡುತ್ತಿದ್ದ, ನಾನು ಏನೋ ಹೇಳಲಿದ್ದೇನೆ ಎಂಬಂತೆ. ನಾನು ಸ್ಪ್ಯಾನರ್ ಕೇಳಿದೆ, ಕೊಟ್ಟ. ಟಾರ್ಚ್ ಕೇಳಿದೆ, ಕೊಟ್ಟ.

ಬುಧವಾರ ಅವನು ಹತ್ತೂವರೆಯಾದರೂ ಬರಲಿಲ್ಲ. ಹನ್ನೊಂದು ವರ್ಷದಲ್ಲಿ ತಡವಾಗಿದ್ದು ಅದೇ ಮೊದಲು. ಬಂದ ಕೂಡಲೇ, “ಕೆಲಸ ಇದೆ ಅಂತ ಗೊತ್ತಿದ್ದೂ ಎಲ್ಲಿ ಹಾಳಾಗಿ ಹೋಗಿದ್ದೆಯಯ್ಯಾ?” ಎಂದು ಕೂಗಾಡಿದೆ. ನನ್ನ ಮೇಲಿನ ಸಿಟ್ಟು ಅವನ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಎಂದು ಕೂಗುವಾಗಲೇ ಗೊತ್ತಿತ್ತು. ಅವನು ಟವೆಲಿನಿಂದ ಮುಖ ಒರೆಸಿಕೊಂಡು, “ಬಸ್ಸು ಸಿಗ್ನಿಲ್ಲ ಸಾ,” ಎಂದ. ದಿನವೂ ಸೈಕಲ್ಲಿನಲ್ಲಿ ಬರುವವನಿಗೆ ಬಸ್ಸು ಯಾಕೆ ಎಂದು ನಾನು ಕೇಳಲಿಲ್ಲ.

ಇನ್ನು ಎಳೆದು ಪ್ರಯೋಜನವಿಲ್ಲ, ಗಾಲಿಯನ್ನೇ ಎರಡು ಹೋಳು ಮಾಡಬೇಕು ಎಂದು ತೀರ್ಮಾನಿಸಿದೆ. ಆ ಗಾಲಿ ಎರಡು ಬಟ್ಟಲನ್ನು ಒಂದಕ್ಕೊಂದು ಕೂಡಿಸಿ ಬೋಲ್ಟು ಹಾಕಿದಂತೆ ಇರುತ್ತದೆ. ಟೈರಿನಲ್ಲಿ ಚೂರೂ ಗಾಳಿ ಇಲ್ಲವೆಂದು ಎರಡು ಸಲ ನೋಡಿಕೊಂಡೆ, ಇದ್ದರೆ ಬೋಲ್ಟು ಬಿಚ್ಚಿದವನ ಮುಖಕ್ಕೇ ಸಿಡಿಯುತ್ತದೆ. ಹೊರಗಿನ ಹೋಳು ಬಂತು, ಟೈರು ಬಂತು. ಒಳಗಿನ ಹೋಳಿನಲ್ಲಿ ಬೇರಿಂಗನ್ನು ಹಿಡಿದಿಟ್ಟಿದ್ದ ತಂತಿಯ ಬಳೆಯನ್ನು ಅರ್ಧ ಗಂಟೆ ತಡಕಾಡಿ ಕಿತ್ತ ಮೇಲೆ ಅದೂ ಬಂತು. ಬೇರಿಂಗಿನ ಒಳಗಿನ ಉಕ್ಕಿನ ಬಳೆಯೊಂದು ಮಾತ್ರ ಅಚ್ಚನ್ನು ಕಚ್ಚಿಕೊಂಡು ಉಳಿಯಿತು. ಅದನ್ನು ಕತ್ತರಿಸುವುದೊಂದೇ ದಾರಿ. ಆದರೆ ಲೋಹ ಕೊಯ್ಯುವ ಗ್ರೈಂಡರ್ ಕೂದಲೆಳೆಯಷ್ಟು ಕೆಳಗಿಳಿದು ಅಚ್ಚಿಗೆ ಗೆರೆ ಬಿದ್ದರೂ ಅಚ್ಚು ಹಾಳು.

ಅವನು ಒದ್ದೆ ಬಟ್ಟೆಯನ್ನು ಅಚ್ಚಿಗೆ ಸುತ್ತಿ ಹಿಡಿದ. ನನ್ನ ಕೈ ಈಚೆಗೆ ನಡುಗುತ್ತದೆ. ಅದನ್ನು ಅವನು ನೋಡಿದ್ದ. ಏನೂ ಕೇಳದೆ ತನ್ನ ಇನ್ನೊಂದು ಕೈಯನ್ನು ನನ್ನ ಮಣಿಕಟ್ಟಿನ ಕೆಳಗೆ ಕೊಟ್ಟ. ಅವನ ಕೈಯ ಮೇಲೆ ನನ್ನ ಕೈ ಇಟ್ಟುಕೊಂಡು, ಒಂದೊಂದೇ ಉಸಿರಿನಷ್ಟು ಕೊಯ್ದೆ. ಕಿಡಿ ಅವನ ತೋಳಿಗೆ ಹಾರುತ್ತಿತ್ತು, ಅವನು ಕೈ ತೆಗೆಯಲಿಲ್ಲ. ಇನ್ನೇನು ತಳ ಮುಟ್ಟುತ್ತದೆ ಎನ್ನುವಾಗ ನಿಲ್ಲಿಸಿ, ಉಳಿ ಇಟ್ಟು ಒಂದು ಏಟು ಹಾಕಿದೆ. ಟಪ್ ಎಂದು ಬಳೆ ಸೀಳಿ ಸಡಿಲವಾಯಿತು. ಅಚ್ಚಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. “ಬಂತು ಸಾ,” ಎಂದ. ನನಗೆ ಅಳು ಬರುವಷ್ಟು ಸುಸ್ತಾಗಿತ್ತು.

ಮಧ್ಯಾಹ್ನ ಯಜಮಾನರು ಬಂದು ಅಚ್ಚು ಸವರಿ, “ಭೇಷ್,” ಎಂದರು. “ಅವನಿಗೆ ಹೇಳಿದ್ರಾ?”

ಅವನು ಹೊರಗೆ ನಲ್ಲಿಯ ಹತ್ತಿರ ಇದ್ದ. ಈಗಲಾದರೂ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳುವುದಿಲ್ಲ ಎನ್ನಿಸಿತು.

“ಸಾರ್, ನೀರು ಬಿಟ್ಟಿದ್ದು ನಾನು. ಪಂಪು ತರಿಸಿದ್ದೂ ನಾನೇ. ಬೇಡ ಅಂತ ಅವನೇ ಹೇಳಿದ್ದ. ತೊಳೆದ ಮೇಲೆ ಬಿಚ್ಚಬೇಕಿತ್ತು, ಅದೂ ಮಾಡಲಿಲ್ಲ.”

ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಯಜಮಾನರು ಜೋರಾಗಿ ನಕ್ಕರು. “ನೀವಾ? ಅಯ್ಯೋ, ಹೋಗ್ಲಿ ಬಿಡಿ. ಮನುಷ್ಯ ಅಂದ ಮೇಲೆ ಮರೆವು ಇರುತ್ತೆ. ಹೊಸ ಬೇರಿಂಗ್ ತರಿಸೋಣ. ಅವನೂ ಇರ್ಲಿ ಬಿಡಿ ಹಾಗಾದ್ರೆ.”

ನನ್ನ ಹೆಗಲು ತಟ್ಟಿ ಹೋದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅದೇ ತಪ್ಪು ಅವನದಾಗಿದ್ದರೆ ಅವನ ಅನ್ನ ಹೋಗುತ್ತಿತ್ತು, ನನ್ನದಾದ ಕೂಡಲೇ ಮರೆವಾಯಿತು.

ನಾನು ನಲ್ಲಿಯ ಹತ್ತಿರ ಹೋದೆ. ಅವನು ಸೋಪಿನ ಪುಡಿ ಹಾಕಿಕೊಂಡು ಕೈಯ ಗ್ರೀಸ್ ಉಜ್ಜುತ್ತಿದ್ದ.

“ನೀನು ಇರಬೇಕಂತೆ, ಯಜಮಾನರು ಹೇಳಿದ್ರು,” ಎಂದೆ. ಏನೋ ದೊಡ್ಡ ಉಪಕಾರ ಮಾಡಿಸಿಕೊಟ್ಟವನ ಹಾಗಿತ್ತು ನನ್ನ ದನಿ.

“ಕೇಳುಸ್ತು ಸಾ. ಸೋಮ್ವಾರ ಅವ್ರು ಅಂದಿದ್ದೂ ಕೇಳುಸ್ತು. ತಗಡಿನ ಶೆಡ್ಡಲ್ವಾ?”

ನಲ್ಲಿ ನಿಲ್ಲಿಸಿ ಅವನೇ ಮುಂದುವರಿಸಿದ.

“ನೀವು ನಿಜ ಏಳ್ತೀರ ಅಂತ ಅವತ್ತು ಕಾದೆ. ನೆನ್ನೇನೂ ಕಾದೆ. ಇವತ್ತು ಒತ್ತಾರೆ ಎದ್ದು ಬನ್ನೂರಿಗೆ ಓಗಿ, ಅಕ್ಕಿ ಮಿಲ್ಲಲ್ಲಿ ಮೂಟೆ ಒರೋ ಕೆಲ್ಸ ಒಪ್ಕಂಡು ಬಂದಿವ್ನಿ. ನಾಳಿಂದ ಅಲ್ಲೀಗೆ.”

“ಈ ವಯಸ್ಸಲ್ಲಿ ಮೂಟೆ ಹೊರ್ತೀಯಾ? ಬರಲ್ಲ ಅಂತ ಹೇಳಿಕಳಿಸು. ಈಗ ಎಲ್ಲಾ ಸರಿಹೋಯ್ತಲ್ಲ.”

“ನಿಮ್ಗೆ ಸರಿಓಯ್ತು ಸಾ,” ಎಂದ. ಕೋಪವಿರಲಿಲ್ಲ, ಅವನ ದನಿಯೂ ನನ್ನಷ್ಟೇ ದಣಿದಿತ್ತು. “ನಾಳೆ ಇನ್ನೊಂದು ಕೆಟ್ಟೋಯ್ತದೆ. ಆಗ್ಲೂ ನಾನು ನಿಮ್ಮ ಮಕ ನೋಡ್ಕಂಡು ಕಾಯ್ಬೇಕು. ನಂಗಾಗಕಿಲ್ಲ.”

ಕೈ ಒರೆಸಿಕೊಂಡು, ಶೆಡ್ಡಿನ ಬೀಗದ ಕೈ ನನಗೆ ಕೊಟ್ಟು, ಸೈಕಲ್ ಹತ್ತಿ ಹೋದ. ತಪ್ಪಾಯಿತು ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ತೋಟದ ತಿರುವು ದಾಟಿದ್ದ.

ಹೊಸ ಬೇರಿಂಗ್ ಬಂದ ದಿನ ಗಾಲಿಯನ್ನು ಒಬ್ಬನೇ ಕೂರಿಸಿದೆ. ದಾಖಲೆಯ ಪುಸ್ತಕದಲ್ಲಿ ಕಾರಣ ಎಂಬಲ್ಲಿ ‘ನನ್ನ ತಪ್ಪು’ ಎಂದು ಬರೆದು ಸಹಿ ಮಾಡಿದೆ. ಯಜಮಾನರು ಅದನ್ನು ಓದದೆ ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಓದಬೇಕಾದವನು ಬನ್ನೂರಿನಲ್ಲಿ ಮೂಟೆ ಹೊರುತ್ತಿದ್ದ.